ಹಳೇ ಗಾಡಿನ ಹೊಸದು ಮಾಡಬ್ಯಾಡ್ರಿ

1/9
ಹೋದ ವಾರ ಟ್ಯಾಂಕ್ ಫೋಟೋ ಹಾಕಿದ ಮೇಲೆ ಡಿಎಂನಲ್ಲಿ ಹನ್ನೊಂದು ಮಂದಿ ಒಂದೇ ಪ್ರಶ್ನೆ ಕೇಳಿದ್ರಿ. "ನಮ್ಮ ಮನ್ಯಾಗೂ ಅಜ್ಜನ ಗಾಡಿ ಐತಿ, ರೆಡಿ ಮಾಡಸ್ಬೇಕು, ಎಷ್ಟು ಖರ್ಚು ಬರತೈತಿ?"

ಖರ್ಚು ಹೇಳ್ತೀನಿ. ಪೈಸಾ ಮುಚ್ಚಿಡದೆ ಹೇಳ್ತೀನಿ. ಬಿಕಾಂ ಓದೋ ಹುಡುಗ ಲೆಕ್ಕ ಮುಚ್ಚಿಟ್ರೆ ಹೆಂಗ? ಆದ್ರೆ ಖರ್ಚಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ರೆಡಿ ಮಾಡೋದು ಅಂದ್ರೆ ಏನು ಮಾಡೋದು? ನಾನು ಅದನ್ನ ಯಾರಿಗೂ ಕೇಳದೇ, ನನಗೂ ಕೇಳಿಕೊಳ್ಳದೇ ಕೆಲಸ ಶುರು ಮಾಡಿದೆ. ಅದಕ್ಕೆ ಒಂದಿಷ್ಟು ರೊಕ್ಕ ಹೋಯಿತು. ರೊಕ್ಕಕ್ಕಿಂತ ದೊಡ್ಡದೊಂದು ಹೋಯಿತು, ಅದು ಏಳನೇ ಪೋಸ್ಟ್‌ನಲ್ಲಿದೆ. ಜಿಗಿದು ಅಲ್ಲಿಗೆ ಹೋಗಬೇಡಿ, ಒಂದೊಂದೇ ಓದ್ರಿ.

ಮೊದಲ ಫೋಟೋ ನಮ್ಮ ಹಿತ್ತಲಿನ ತಗಡಿನ ಶೆಡ್. ಊರು ಅಣ್ಣಿಗೇರಿ ಹತ್ತಿರ. ಕಡ್ಲಿ ಹೊಟ್ಟಿನ ಚೀಲದ ಹಿಂದೆ ಕಾಣ್ತಿರೋ ಹ್ಯಾಂಡಲ್ಲೇ ಅಜ್ಜನ ಯೆಜ್ಡಿ ರೋಡ್‌ಕಿಂಗ್. ಊರಾಗ ಎಲ್ಲಾರೂ 'ಯಜಡಿ' ಅಂತಾರೆ. ಅಜ್ಜ 1991ರಲ್ಲಿ ಹುಬ್ಬಳ್ಳಿಯಿಂದ ಹೊಸದಾಗಿ ತಂದದ್ದು. 2011ರಲ್ಲಿ ಆರ್‌ಸಿ ಅವಧಿ ಮುಗೀತು, ಎಂಜಿನ್ನೂ ಜಾಮ್ ಆಗಿತ್ತು. ಅಲ್ಲಿಂದ ಹೊರಗೆ ಬಂದಿರಲಿಲ್ಲ. ಕೋಳಿ ಅದರ ಸೀಟಿನ ಮೇಲೆ ಮೊಟ್ಟೆ ಇಡ್ತಿತ್ತು. ಕಾಕಾ ಗುಜರಿಗೆ ಹಾಕೋಣ ಅಂದ್ರು. ನಾನು ಬೇಡ ಅಂದೆ. ಅಷ್ಟೇ, ಇಪ್ಪತ್ತನೇ ವಯಸ್ಸಿಗೆ ನಾನೊಂದು ಗಾಡಿಯ ಮಾಲಕ ಆದೆ. ಹಂಗಂತ ನಾನು ತಿಳ್ಕೊಂಡಿದ್ದೆ.

2/9
ಈ ಗಾಡಿ ಯಾಕೆ ಬೇರೆ ಅಂತ ಕೇಳೋರಿಗೆ ಸ್ವಲ್ಪ ಇತಿಹಾಸ. ಇದು ನಮ್ಮ ರಾಜ್ಯದಲ್ಲೇ ಹುಟ್ಟಿದ ಗಾಡಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಯಿತು. ಆಗಿನ ಜೆಕೋಸ್ಲೊವಾಕಿಯಾದ ಜಾವಾ ಕಂಪನಿಯ ಲೈಸೆನ್ಸ್ ಮೇಲೆ ಅಲ್ಲಿ ಮೊದಲು ಜಾವಾ ಬೈಕ್ ಮಾಡ್ತಿದ್ರು. 1973ರಿಂದ ಯೆಜ್ಡಿ ಅನ್ನೋ ಹೆಸರು ಬಂತು, 1978ರಲ್ಲಿ ರೋಡ್‌ಕಿಂಗ್ ಬಂತು. 250 ಸಿಸಿ, ಟೂ ಸ್ಟ್ರೋಕ್, ಒಂದೇ ಸಿಲಿಂಡರ್, ಎರಡು ಸೈಲೆನ್ಸರ್. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂದ ಮೇಲೆ ಜನಕ್ಕೆ ಮೈಲೇಜಿನ ರುಚಿ ಹತ್ತಿತು. ಹೊಗೆ ನಿಯಮಾನೂ ಬಿಗಿ ಆದ್ವು. 1996ಕ್ಕೆ ಮೈಸೂರಿನ ಕಾರ್ಖಾನೆ ಮುಚ್ಚಿತು.

2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರಿನಲ್ಲಿ ಮತ್ತೆ ಗಾಡಿ ಬಂದಿವೆ. ಅವು ಫೋರ್ ಸ್ಟ್ರೋಕ್, ಪೂರ್ತಿ ಬೇರೆ ಎಂಜಿನ್. ಅವುಗಳ ಪಾರ್ಟ್ ನಮ್ಮ ಅಜ್ಜಂದಿರ ಗಾಡಿಗೆ ಬರೋದಿಲ್ಲ. ಅಂದ್ರೆ ನೀವು ಹಾಳು ಮಾಡಿದ ಒರಿಜಿನಲ್ ಪಾರ್ಟಿಗೆ ಬದಲು ಕಾರ್ಖಾನೆಯಿಂದ ಇನ್ನೊಂದು ಬರೋದಿಲ್ಲ. ಇದನ್ನ ತಲೆಯಲ್ಲಿ ಇಟ್ಕೊಂಡು ಸ್ಪ್ಯಾನರ್ ಹಿಡೀರಿ.

ಈ ಫೋಟೋದಲ್ಲಿ ಕಾಣೋ ಲಿವರ್ ನೋಡ್ರಿ. ಕಿಕ್ ಹೊಡೆಯೋದೂ ಅದೇ, ಗೇರ್ ಹಾಕೋದೂ ಅದೇ. ಒಳಗೆ ಒತ್ತಿ ಹಿಂದಕ್ಕೆ ತಿರುಗಿಸಿದ್ರೆ ಕಿಕ್ಕರ್, ಮುಂದೆ ಇಳಿಸಿದ್ರೆ ಗೇರ್. ನಮ್ಮ ಕ್ಲಾಸಿನ ಮೂರು ಮಂದಿ ಬಂದು ಹತ್ತು ನಿಮಿಷ ಕಿಕ್ಕರ್ ಹುಡುಕಿದ್ರು. ಹೆಸರು ಹೇಳೋದಿಲ್ಲ, ಅವರಿಗೇ ಗೊತ್ತೈತಿ.

3/9
ಈಗ ನನ್ನ ಮೊದಲ ತಪ್ಪು. ನಾನು ಬಣ್ಣದಿಂದ ಶುರು ಮಾಡಿದೆ.

ಮಿಸ್ತ್ರಿ ಚಾಚಾ ಗಾಡಿ ನೋಡಿದ ದಿನವೇ ಹೇಳಿದ್ರು. "ತಮ್ಮಾ, ಮೊದ್ಲ ಎಂಜಿನ್ ಬಿಚ್ಚೋಣ. ಹದಿನಾಲ್ಕು ವರ್ಷ ನಿಂತೈತಿ. ಒಳಗಿನ ಸೀಲೆಲ್ಲಾ ಒಣಗಿರ್ತಾವ." ನಾನು ಕೇಳಲಿಲ್ಲ. ಕಾಲೇಜಿನ ಗ್ಯಾದರಿಂಗ್ ಮುಂದಿತ್ತು. ಅಷ್ಟರೊಳಗೆ ಟ್ಯಾಂಕ್ ಮಿಂಚಬೇಕು, ಒಂದು ರೀಲ್ ಹಾಕಬೇಕು. ಜಾಮ್ ಆಗಿದ್ದ ಪಿಸ್ಟನ್ನಿಗೆ ಪ್ಲಗ್ಗಿನ ತೂತಿನಿಂದ ಎಣ್ಣೆ ಬಿಟ್ಟು, ನಾಲ್ಕು ದಿನ ಬಿಟ್ಟು, ಮೆಲ್ಲಗೆ ಅಲ್ಲಾಡಿಸಿ ಬಿಡಿಸಿದ್ವಿ. ಎಂಜಿನ್ ಸ್ಟಾರ್ಟ್ ಆತು. ಸ್ಟಾರ್ಟ್ ಆತಲ್ಲ, ಇನ್ನೇನು ಬೇಕು ಅಂತ ಬಣ್ಣಕ್ಕೆ, ಕ್ರೋಮಿಗೆ ಕೊಟ್ಟೆ. 11,000 ರೂಪಾಯಿ.

ಗಾಡಿ ಬಂತು. ಮದುವಿ ಮನಿ ಹಂಗ ಮಿಂಚ್ತಿತ್ತು. ರೀಲ್ ಹಾಕಿದೆ. ನೀವೆಲ್ಲಾ ಬೆಂಕಿ ಎಮೋಜಿ ಹಾಕಿದ್ರಿ. ಮೂರನೇ ದಿನ ನಮ್ಮ ಕಣದಾಗ ಚಾಲೂ ಮಾಡಿದ್ರೆ ಎಕ್ಸಲೇಟರ್ ಮುಟ್ಟದೇನೇ ಎಂಜಿನ್ ತಾನಾಗೇ ಒದರೋಕೆ ಶುರು. ಹಿಂದೆ ಬಿಳಿ ಹೊಗೆ, ಎಮ್ಮಿ ಸಹಿತ ಕಣ ಬಿಟ್ಟು ಓಡಿತು. ನಾನು ಹೆದರಿ ಪೆಟ್ರೋಲ್ ಬಂದ್ ಮಾಡಿದೆ.

ಕಾರಣ ಚಾಚಾ ಹೇಳಿದ್ದೇ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಮೊದಲು ಕ್ರ್ಯಾಂಕ್ ಇರೋ ಕೆಳಗಿನ ಕೋಣೆಗೆ ಬರ್ತದೆ, ಅಲ್ಲಿಂದ ಪಿಸ್ಟನ್ ಅದನ್ನ ಮೇಲೆ ತಳ್ತದೆ. ಆ ಕೋಣೆಯ ಎರಡೂ ಕಡೆ ರಬ್ಬರ್ ಸೀಲ್. ಒಂದು ಕಡೆ ಸೀಲ್ ಸೀಳಿದ್ರೆ ಹೊರಗಿನ ಗಾಳಿ ನುಗ್ಗಿ ಎಂಜಿನ್ ಕಾಯ್ತದೆ, ತಾನಾಗೇ ಜೋರು ಓಡ್ತದೆ, ಹಂಗೇ ಬಿಟ್ರೆ ಪಿಸ್ಟನ್ ಹಿಡಿದುಬಿಡ್ತದೆ. ಇನ್ನೊಂದು ಕಡೆ ಸೀಲ್ ಹೋದ್ರೆ ಗೇರ್ ಆಯಿಲ್ ಒಳಗೆ ಎಳೆದು ಸುಡ್ತದೆ, ಅದೇ ಬಿಳಿ ಹೊಗೆ. ನನ್ನದರಲ್ಲಿ ಎರಡೂ ಹೋಗಿದ್ವು.

4/9
ಎಂಜಿನ್ ಇಳಿಸಬೇಕಾಯಿತು. ಇಳಿಸುವಾಗ ಹೊಸ ಬಣ್ಣದ ಫ್ರೇಮಿಗೆ ಗೀರು. ಟ್ಯಾಂಕ್ ಬಿಚ್ಚುವಾಗ ಪೆಟ್ರೋಲ್ ಸುರಿದು ಬಣ್ಣ ಉಬ್ಬಿತು. ಹನ್ನೊಂದು ಸಾವಿರದ ಕೆಲಸ ಹನ್ನೊಂದು ದಿನ ಬಾಳಲಿಲ್ಲ.

ಅದಕ್ಕೇ ಮೊದಲ ಸಲ ಮಾಡೋರಿಗೆ ನನ್ನ ಕಡೆಯಿಂದ ಒಂದು ಕ್ರಮ. ಸೇವ್ ಮಾಡಿಟ್ಕೊಳ್ರಿ.

ಒಂದು, ಕಾಗದ. ಆರ್‌ಸಿಯಲ್ಲಿರೋ ಎಂಜಿನ್ ನಂಬರ್, ಚಾಸಿಸ್ ನಂಬರ್ ಗಾಡಿಯ ಮೇಲಿನ ನಂಬರಿಗೆ ಹೊಂದ್ತಾವೋ ಇಲ್ಲವೋ ನೋಡ್ರಿ. ಹೊಂದದಿದ್ರೆ ಒಂದು ರೂಪಾಯಿನೂ ಹಾಕಬೇಡಿ.
ಎರಡು, ಬ್ರೇಕ್ ಮತ್ತು ಟೈರ್. ಟೈರಿನ ಬದಿಗೆ ಕೊನೆಯಲ್ಲಿ ನಾಲ್ಕು ಅಂಕಿ ಇರ್ತಾವೆ. 2309 ಅಂದ್ರೆ 2009ರ 23ನೇ ವಾರ ತಯಾರಾದದ್ದು. ಗುಬ್ಬಿ ಎಷ್ಟೇ ಚೆನ್ನಾಗಿ ಕಂಡರೂ ಹಳೇ ರಬ್ಬರ್ ಒಳಗೇ ಬಿರುಕು ಬಿಟ್ಟಿರ್ತದೆ.
ಮೂರು, ಎಂಜಿನ್. ಬಹಳ ವರ್ಷ ನಿಂತ ಟೂ ಸ್ಟ್ರೋಕ್ ಆದ್ರೆ, ಸ್ಟಾರ್ಟ್ ಆದ್ರೂ ಸರಿ, ಕ್ರ್ಯಾಂಕ್ ಸೀಲ್ ಬದಲಿಸದೆ ಓಡಿಸಬೇಡಿ.
ನಾಲ್ಕು, ಟ್ಯಾಂಕಿನ ಒಳಗಿನ ತುಕ್ಕು, ಕಾರ್ಬುರೇಟರ್, ಕೇಬಲ್.
ಐದು, ವೈರಿಂಗ್. ಇಲಿ ಕಡಿದಿರ್ತದೆ, ಕಡಿದಿಲ್ಲ ಅಂದ್ರೆ ನಿಮ್ಮ ಮನಿ ಬೆಕ್ಕಿಗೆ ಹಾಲು ಹಾಕ್ರಿ.
ಆರು, ಎರಡು ತಿಂಗಳು ಓಡಿದ ಮೇಲೆ, ಮನಸ್ಸಿದ್ರೆ, ಬಣ್ಣ.

ಬಣ್ಣಕ್ಕೆ ಕೊಡುವಾಗ ಇನ್ನೊಂದು ಎಚ್ಚರ. ಚಾಸಿಸ್ ನಂಬರ್ ಕೊರೆದ ಜಾಗಕ್ಕೆ ಟೇಪ್ ಹಚ್ಚಿ ಕೊಡ್ರಿ. ನನ್ನದನ್ನು ಬಣ್ಣದವರು ಪಾಟೆ ಕಾಗದ ಉಜ್ಜಿ ಪುಟ್ಟಿ ತುಂಬಿಬಿಟ್ಟಿದ್ರು. ಅದನ್ನ ಸೂಜಿಯಿಂದ ಒಂದೊಂದೇ ಅಂಕಿ ಕೆದರಿ ತೆಗೆಯೋಕೆ ಒಂದು ಭಾನುವಾರ ಹೋಯಿತು. ನಂಬರ್ ಓದೋಕೆ ಬರದ ಗಾಡಿ ಆರ್‌ಟಿಓ ಕಣ್ಣಿನಲ್ಲಿ ಯಾರದೂ ಅಲ್ಲ.

5/9
ಈಗ ಲೆಕ್ಕ. ರೊಕ್ಕ ಎಲ್ಲಿಂದ ಅಂತ ಕೇಳೋರಿಗೆ: ಹೆಸರಿನ ಸುಗ್ಗಿಯಲ್ಲಿ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆದದ್ದು, ರಜೆಯಲ್ಲಿ ಬಿಲ್ಲಿಂಗ್‌ಗೆ ಕೂತದ್ದು, ಉಳಿದದ್ದು ಅವ್ವ ಕೊಟ್ಟದ್ದು. ಅವ್ವಂದು ಸಾಲ, ಬಡ್ಡಿ ಇಲ್ಲ, ಆದ್ರೆ ದಿನಾ ನೆನಪು ಮಾಡ್ತಾಳೆ.

ಬಣ್ಣ, ಕ್ರೋಮ್ (ಮೊದಲ ಸಲ): 11,000
ಎಂಜಿನ್: 14,500
ಟೈರ್, ಟ್ಯೂಬ್: 4,600
ಬ್ರೇಕ್, ಕೇಬಲ್: 1,900
ವೈರಿಂಗ್, ಬ್ಯಾಟರಿ: 2,700
ಟ್ಯಾಂಕ್, ಕಾರ್ಬುರೇಟರ್: 1,300
ಬಣ್ಣ (ಎರಡನೇ ಸಲ): 3,500
ಒಟ್ಟು: 39,500
ಗುಜರಿಗೆ ಮಾರಿದ ಕಬ್ಬಿಣದಿಂದ ಬಂದದ್ದು: 171

ನಮ್ಮ ಫೈನಾನ್ಷಿಯಲ್ ಅಕೌಂಟಿಂಗ್ ಪೇಪರಿನಲ್ಲಿ ಒಂದು ಮಾತು ಬರ್ತದೆ, ನೆನಪಿದೆಯಾ? ಸೆಕೆಂಡ್ ಹ್ಯಾಂಡ್ ಮಷಿನ್ ತಂದು ಅದನ್ನ ಬಳಕೆಗೆ ತರೋಕೆ ಮಾಡಿದ ಮೊದಲ ರಿಪೇರಿ ಕ್ಯಾಪಿಟಲ್ ಖರ್ಚು. ಬಳಕೆ ಶುರುವಾದ ಮೇಲೆ ಮಾಡಿದ್ದು ರೆವೆನ್ಯೂ ಖರ್ಚು. ಪರೀಕ್ಷೆಗೆ ಎರಡು ಮಾರ್ಕಿಗೆ ಬಾಯಿಪಾಠ ಮಾಡಿದ್ವಿ. ಶೆಡ್ಡಿನಲ್ಲಿ ಕೂತಾಗ ಅದರ ಅರ್ಥ ತಿಳೀತು. ಎಂಜಿನ್ನಿಗೆ ಹಾಕಿದ ರೊಕ್ಕ ಗಾಡಿಯನ್ನ ಗಾಡಿ ಮಾಡಿತು. ಬಣ್ಣಕ್ಕೆ ಮೊದಲು ಹಾಕಿದ್ದು ಬರೀ ನಷ್ಟ, ನನ್ನ ಅವಸರದ ನಷ್ಟ.

ಇನ್ನೊಂದು, ಸಂಕ್ ಕಾಸ್ಟ್. "ಈಗಾಗಲೇ ಹನ್ನೊಂದು ಸಾವಿರ ಹಾಕೀನಿ, ಈಗ ಬಿಟ್ರೆ ಹೆಂಗ" ಅಂತ ಎಂಜಿನ್ನಿಗೆ ಕೈ ಹಾಕಬಾರದು. ಹೋದದ್ದು ಹೋತು. ಮುಂದೆ ಹಾಕೋ ರೊಕ್ಕಕ್ಕೆ ಮುಂದೆ ಏನು ಸಿಗ್ತದೆ ಅಂತ ಮಾತ್ರ ನೋಡಬೇಕು. ಹಂಗ ನೋಡಿಯೂ ನಾನು ಎಂಜಿನ್ ಮಾಡಿಸಿದೆ. ಆ ನಿರ್ಧಾರದ ಬಗ್ಗೆ ನನಗೆ ಪಶ್ಚಾತ್ತಾಪ ಇಲ್ಲ. ಕೊನೆಯ ಸಾಲಿನ 171 ರೂಪಾಯಿ ಬಗ್ಗೆ ಇದೆ.

6/9
ಅದಕ್ಕೆ ಬರೋ ಮೊದಲು ಕಾಗದದ ವಿಷಯ, ಯಾಕಂದ್ರೆ ಅದೇ ದಾರಿಯಲ್ಲಿ ನನಗೆ ಬುದ್ಧಿ ಬಂತು.

"ನಂದು ವಿಂಟೇಜ್ ಗಾಡಿ" ಅಂತ ಬಯೋದಲ್ಲಿ ಹಾಕಿಕೊಂಡಿದ್ದೆ. ತೆಗೆದೆ. 2021ರ ಕೇಂದ್ರ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ್ದು ಮಾತ್ರ ವಿಂಟೇಜ್. ಅದರಲ್ಲಿ ದೊಡ್ಡ ಬದಲಾವಣೆ ಮಾಡಿರಬಾರದು, ಅದನ್ನ ದಿನನಿತ್ಯ ರಸ್ತೆಯಲ್ಲಿ ಓಡಿಸೋಹಂಗೂ ಇಲ್ಲ. 1991ರದ್ದು ಬರೀ ಹಳೇ ಗಾಡಿ. ಅದಕ್ಕೆ ಎಲ್ಲರಿಗಿರೋ ನಿಯಮವೇ. ನೋಂದಣಿ 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಅದಕ್ಕೆ ಫಾರ್ಮ್ 25. ಗಾಡಿ ತೋರಿಸಬೇಕು, ಇನ್ಶೂರೆನ್ಸ್ ಬೇಕು, ಹೊಗೆ ಸರ್ಟಿಫಿಕೇಟ್ ಬೇಕು. ಬಣ್ಣ ಬೇರೆ ಮಾಡಿದ್ರೆ ಅದನ್ನೂ ಆರ್‌ಸಿಯಲ್ಲಿ ಸೇರಿಸಬೇಕು.

ಮಾಲಕರು ತೀರಿಹೋಗಿದ್ರೆ ವಾರಸುದಾರರ ಹೆಸರಿಗೆ ಮಾಡಿಸೋದು ಫಾರ್ಮ್ 31. ಮೂರು ತಿಂಗಳೊಳಗೆ ಅರ್ಜಿ ಕೊಡಬೇಕು ಅಂತ ಇದೆ. ಅಜ್ಜ ಹೋಗಿ ಆರು ವರ್ಷ ಆಗಿತ್ತು. ನಮ್ಮ ಮನೆಯಲ್ಲಿ ಯಾರೂ ಆ ಗಾಡಿಯ ಕಾಗದ ಮುಟ್ಟಿರಲಿಲ್ಲ. ತಡಕ್ಕೆ ದಂಡ ಇರ್ತದೆ, ಅದು ಬೇರೆ ಮಾತು. ನಮಗೆ ಹೇಳಿದ್ದು: ಉಳಿದ ವಾರಸುದಾರರು ತಕರಾರು ಇಲ್ಲ ಅಂತ ಬರೆದುಕೊಡಬೇಕು.

ಅಂದ್ರೆ ಅಪ್ಪ, ಕಾಕಾ, ಮತ್ತೆ ಕುಂದಗೋಳ ಕಡೆ ಕೊಟ್ಟ ಅತ್ತಿ. ಆವತ್ತಿನತನಕ "ನನ್ನ ಗಾಡಿ, ನನ್ನ ಗಾಡಿ" ಅಂತ ಹದಿನಾರು ಪೋಸ್ಟ್ ಹಾಕಿದ್ದೆ. ಕಾನೂನಿನ ಪ್ರಕಾರ ಅದರಲ್ಲಿ ನನಗೆ ಕನ್ನಡಿಯಷ್ಟೂ ಪಾಲಿರಲಿಲ್ಲ.

7/9
ಅತ್ತಿ ಸಹಿ ಹಾಕೋಕೆ ಅಂತಾನೇ ಬಸ್ ಹತ್ತಿ ಬಂದ್ಲು. ಗಾಡಿ ಆಗ ಎಂಜಿನ್ ಇಲ್ಲದೆ ಶೆಡ್ಡಿನಲ್ಲಿ ನಿಂತಿತ್ತು. ನಾನು ಟ್ಯಾಂಕ್ ಒರೆಸಿ, ಫೋನಿನ ಟಾರ್ಚ್ ಹಾಕಿ ತೋರಿಸಿದೆ. ಆಕಿ ಟ್ಯಾಂಕ್ ನೋಡಲಿಲ್ಲ. ಎಡಗಡೆ ಬಗ್ಗಿ ಹಿಂದಿನ ಗಾಲಿ ಹತ್ತಿರ ಕೈ ಆಡಿಸಿದ್ಲು.

"ಇಲ್ಲೊಂದು ಕಾಲಿಡೋ ಪಟ್ಟಿ ಇತ್ತಲ್ಲೋ."

ಇತ್ತು. ಅಗಲವಾದ ಕಬ್ಬಿಣದ ಪಟ್ಟಿ, ಜೊತೆಗೆ ಸೊಂಟದೆತ್ತರಕ್ಕೆ ಒಂದು ಹಿಡಿಕೆ. ಒರಟು ವೆಲ್ಡಿಂಗ್. ಕಂಪನಿ ಫೋಟೋಗಳಲ್ಲಿ ಹುಡುಕಿದ್ರೆ ಅಂಥದ್ದು ಎಲ್ಲೂ ಕಾಣಲಿಲ್ಲ. 'ಒರಿಜಿನಲ್ ಅಲ್ಲ' ಅಂತ ನಾನೇ ಮೊದಲ ದಿನ ಕೊಯ್ಸಿ ತೆಗೆಸಿದ್ದೆ. ನಾಲ್ಕೂವರೆ ಕಿಲೋ ತೂಗಿತು. ಕಿಲೋಗೆ 38 ರೂಪಾಯಿಯಂತೆ 171.

ಅತ್ತಿ ಹೇಳಿದ್ಲು. 1994ರಲ್ಲಿ ಆಕಿ ಪಿಯುಸಿಗೆ ಸೇರಿದಾಗ ಮನೆಯಲ್ಲಿ ಜಗಳ. ಹುಡುಗಿ ದಿನಾ ಅಣ್ಣಿಗೇರಿಗೆ ಹೆಂಗ ಹೋಗಬೇಕು, ಮಳೆಗಾಲದಾಗ ಎರಿ ಮಣ್ಣಿನ ದಾರಿ, ಬಸ್ಸು ಬಂದ್ರೆ ಬಂತು ಇಲ್ಲಾಂದ್ರೆ ಇಲ್ಲ. ಅಜ್ಜ ಯಾರ ಜೊತೆಗೂ ವಾದ ಮಾಡಲಿಲ್ಲ. ಗಾಡಿ ತಗೊಂಡು ಕಮ್ಮಾರರ ಮನಿಗೆ ಹೋಗಿ, ಲಂಗಾ ದಾವಣಿ ಉಟ್ಟ ಹುಡುಗಿ ಒಂದೇ ಕಡೆ ಕಾಲು ಹಾಕಿ ಕೂತರೆ ಕಾಲಿಡೋಕೆ ಪಟ್ಟಿ, ಹಿಡಿಯೋಕೆ ಹಿಡಿಕೆ ಮಾಡಿಸಿದ್ರು. ಎರಡು ವರ್ಷ ಬೆಳಿಗ್ಗೆ ಆಕಿನ್ನ ಬಿಟ್ಟು ಬಂದು, ಅದೇ ಪಟ್ಟಿ ಮೇಲೆ ಎಣ್ಣಿ ಹೊಡೆಯೋ ಪಂಪ್ ಕಟ್ಟಿಕೊಂಡು ಹತ್ತಿ ಹೊಲಕ್ಕೆ ಹೋಗ್ತಿದ್ರು. ನಮ್ಮ ಮನೆತನದಲ್ಲಿ ಹತ್ತನೇ ಕ್ಲಾಸ್ ದಾಟಿದ ಮೊದಲ ಹೆಣ್ಣುಮಗಳು ನಮ್ಮತ್ತಿ.

"ಎಲ್ಲಿಟ್ಟೀ ಅದನ್ನ?" ಅಂದ್ಲು.

ಹೇಳಿದೆ.

"ಹೋಗ್ಲಿ ಬಿಡು. ಕಬ್ಬಿಣ ಅದು" ಅಂದ್ಲು. ಸಹಿ ಹಾಕಿದ್ಲು. ಒಳಗೆ ಹೋಗಿ ಅವ್ವನ ಜೊತೆ ರೊಟ್ಟಿ ಬಡಿಯೋಕೆ ಕೂತ್ಲು. ಬೈದಿದ್ರೆ ಚೊಲೋ ಇತ್ತು.

ಮರುದಿನ ಗುಜರಿ ಅಂಗಡಿಗೆ ಹೋದೆ. ಲಾರಿ ತುಂಬಿ ಹೋಗಿ ಎಷ್ಟೋ ದಿನ ಆಗಿತ್ತು.

8/9
ಅದಕ್ಕೇ ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ಹಳೇ ಗಾಡಿ ಕೈಗೆ ಬಂದ ಹುಡುಗರು ನಾವು ಎರಡು ಥರದ ತಪ್ಪು ಮಾಡ್ತೀವಿ. ಒಂದು, ಕೊಯ್ದು ಕತ್ತರಿಸಿ, ಸೀಟು ಮೊಟಕು ಮಾಡಿ, ಸೈಲೆನ್ಸರ್ ಒಳಗಿನದನ್ನ ಕಿತ್ತು ಊರೆಲ್ಲಾ ಏಳಿಸೋ ಮಾಡಿಫಿಕೇಶನ್. ಇದು ತಪ್ಪು ಅಂತ ಎಲ್ಲರೂ ಹೇಳ್ತಾರೆ. ಇನ್ನೊಂದನ್ನ ಯಾರೂ ತಪ್ಪು ಅನ್ನೋದಿಲ್ಲ: ಶೋರೂಮಿನಿಂದ ಬಂದ ದಿನಕ್ಕೆ ಗಾಡಿಯನ್ನ ವಾಪಸ್ ಕಳಿಸೋದು. 1991ರಲ್ಲಿ ಹೆಂಗಿತ್ತೋ ಹಂಗ ಮಾಡಿದ್ರೆ, 1991ರಿಂದ 2011ರವರೆಗೆ ನಮ್ಮ ಮನೆ ಅದರ ಮೇಲೆ ಬದುಕಿದ್ದು ಎಲ್ಲಿ ಹೋತು?

ಕೆಲವರು ಹೇಳ್ತೀರಿ, ಕಾರ್ಖಾನೆಯೇ ಮುಚ್ಚಿದೆ, ಒಂದಾದ್ರೂ ಗಾಡಿ ಕಂಪನಿ ಮಾಡಿದ ಹಂಗೇ ಉಳೀಬೇಕಲ್ಲ ಅಂತ. ಖರೆ. ಅದನ್ನ ಜೀವ ಸವೆಸಿ ಮಾಡೋ ಜಾವಾ ಯೆಜ್ಡಿ ಕ್ಲಬ್ಬಿನವರು ಇದ್ದಾರೆ, ಸಂಗ್ರಹ ಮಾಡೋರು ಇದ್ದಾರೆ. ಅವರ ಕೆಲಸಕ್ಕೆ ನನ್ನ ನಮಸ್ಕಾರ. ಆದ್ರೆ ಅವರು ಉಳಿಸೋದು ಮೈಸೂರಿನ ಕಾರ್ಖಾನೆಯ ನೆನಪು. ನಮ್ಮ ಹಿತ್ತಲಿನ ಶೆಡ್ಡಿನಲ್ಲಿರೋದನ್ನ ನಾವು ಉಳಿಸದಿದ್ರೆ ಬೇರೆ ಯಾರೂ ಉಳಿಸೋದಿಲ್ಲ.

ಹಂಗಂತ ಎಲ್ಲಾ ಹಂಗೇ ಬಿಡ್ರಿ ಅಂತ ಅಲ್ಲ. ಸವೆದದ್ದನ್ನ ಬದಲಿಸ್ರಿ. ಸೀಲ್, ಬೇರಿಂಗ್, ಬ್ರೇಕ್ ಶೂ, ಟೈರ್, ವೈರ್, ಇವುಗಳಲ್ಲಿ ಭಾವನೆ ಬೇಡ. ಹಳೇ ಬ್ರೇಕ್ ಶೂ ನೆನಪಿಗೆ ಇಟ್ಕೊಂಡ್ರೆ ನಿಮ್ಮ ನೆನಪೇ ಉಳೀತದೆ. ಆದ್ರೆ ಮನುಷ್ಯರು ಸೇರಿಸಿದ್ದನ್ನ ತೆಗೆಯೋ ಮೊದಲು, ಅದು ಎಷ್ಟೇ ಚಂದ ಇಲ್ಲದಿರಲಿ, ಯಾಕೆ ಸೇರಿಸಿದ್ರು ಅಂತ ಕೇಳ್ರಿ. ಟ್ಯಾಂಕಿನ ತಗ್ಗು, ಬೇರೆ ಬಣ್ಣದ ಬೋಲ್ಟು, ಹ್ಯಾಂಡಲ್ಲಿಗೆ ಸುತ್ತಿದ ಸೈಕಲ್ ಟ್ಯೂಬು, ಎಲ್ಲದರ ಹಿಂದೆ ಯಾರದೋ ಒಂದು ಅಡಚಣಿ ಇತ್ತು. ಆ ಅಡಚಣಿಯೇ ನಮ್ಮ ಮನಿ ಕತಿ.

ಇನ್ನೊಂದು ಮಾತು, ದಿನಾ ಕಾಲೇಜಿಗೆ ಹೋಗೋಕೆ ಗಾಡಿ ಬೇಕು ಅಂತ ಇದಕ್ಕೆ ಕೈ ಹಾಕಬೇಡಿ. ಇದು ಕುಡಿಯೋ ಪೆಟ್ರೋಲ್, ಅದರಲ್ಲಿ ಸೇರಿಸೋ ಟೂ ಟಿ ಆಯಿಲ್ ಲೆಕ್ಕ ಹಾಕಿದ್ರೆ ನಮ್ಮ ಬಸ್ ಪಾಸೇ ರಾಜ. ನಾನೂ ಇನ್ನೂ ಬಸ್ಸಿಗೇ ಹೋಗೋದು.

9/9
ಈಗಿನ ಸ್ಥಿತಿ. ಎಂಜಿನ್ ಕೂತಿದೆ, ಹೊಗೆ ನಿಂತಿದೆ. ಮೊದಲ ಕಿಕ್ಕಿಗೆ ಅಲ್ಲ, ಮೂರನೇ ಕಿಕ್ಕಿಗೆ ಚಾಲೂ ಆಗ್ತದೆ. ಕಾಗದದ ಅರ್ಜಿ ಕೊಟ್ಟಿದ್ದೀವಿ, ಆರ್‌ಸಿ ಅಪ್ಪನ ಹೆಸರಿಗೆ ಬರ್ತದೆ. ನವೀಕರಣ, ಇನ್ಶೂರೆನ್ಸ್ ಆಗೋತನಕ ಗಾಡಿ ನಮ್ಮ ಕಣ ಬಿಟ್ಟು ಹೊರಗೆ ಹೋಗೋದಿಲ್ಲ. ಅದಕ್ಕೆ ಹೈವೇ ರೀಲ್ ಕೇಳಬೇಡ್ರಿ.

ಎರಡನೇ ಸಲ ಬಣ್ಣ ಹಾಕಿಸುವಾಗ ಫ್ರೇಮಿನ ಎಡಗಡೆ ಪಟ್ಟಿ ಕೊಯ್ದ ಜಾಗದಲ್ಲಿ ಎರಡು ವೆಲ್ಡಿಂಗ್ ಗುರುತು ಉಳಿದಿದ್ವು. ಬಣ್ಣದವರು "ಗ್ರೈಂಡ್ ಮಾಡಿ ಸಾಫ್ ಮಾಡ್ಲೇನ್ರೀ?" ಅಂದ್ರು. ಬೇಡ ಅಂದೆ. ಈ ಫೋಟೋದಲ್ಲಿ ಕಾಣೋ ಎರಡು ಗಂಟು ಅವೇ. ಅತ್ತಿಗೆ ಹೊಸ ಪಟ್ಟಿ ಮಾಡಿಸ್ಲಾ ಅಂತ ಫೋನಿನಲ್ಲಿ ಕೇಳಿದೆ. "ಈಗ ಯಾರು ಕೂಡ್ತಾರೋ ಅದರ ಮ್ಯಾಲೆ" ಅಂತ ನಕ್ಕಳು. ಸ್ವಲ್ಪ ಹೊತ್ತು ಬಿಟ್ಟು "ಮಾಡಿಸಿದ್ರ ಗಟ್ಟಿ ಮಾಡ್ಸು, ನಾ ಈಗ ದಪ್ಪ ಆಗೀನಿ" ಅಂದ್ಲು. ಕಮ್ಮಾರರ ಮನೆಯಲ್ಲಿ ಈಗ ಮಗ ಕೆಲಸ ಮಾಡ್ತಾರೆ. ಸುಗ್ಗಿ ಮುಗಿದ ಮೇಲೆ ಬಾ ಅಂದಿದ್ದಾರೆ.

ಇವತ್ತು ನಿಮಗೊಂದು ಕೆಲಸ. ಶೆಡ್ಡಿನಲ್ಲಿ, ಅಟ್ಟದ ಕೆಳಗೆ, ಬೇವಿನ ಗಿಡಕ್ಕೆ ಆನಿಸಿ ನಿಂತಿರೋ ಹಳೇ ಗಾಡಿ ನಿಮ್ಮ ಮನೆಯಲ್ಲಿ ಇದ್ರೆ, ಸ್ಪ್ಯಾನರ್ ತಗೊಳ್ಳೋ ಮೊದಲು ರಾತ್ರಿ ಊಟಕ್ಕೆ ಕೂತಾಗ ಒಂದು ಪ್ರಶ್ನೆ ಕೇಳ್ರಿ: "ಇದರ ಮ್ಯಾಲೆ ಯಾರ್ಯಾರು ಕೂತಿದ್ರಿ, ಎಲ್ಲಿಗೆ ಹೋಗಿದ್ರಿ?" ಅಪ್ಪಗಷ್ಟೇ ಅಲ್ಲ. ಅವ್ವಗ, ಅಜ್ಜಿಗೆ, ಕೊಟ್ಟ ಮನಿಗೆ ಹೋದ ಅತ್ತಿಗೂ ಒಂದು ಫೋನ್ ಮಾಡ್ರಿ. ಅವರು ಹೇಳಿದ್ದನ್ನ ಕೆಳಗೆ ಕಾಮೆಂಟಿನಲ್ಲಿ ಬರೀರಿ, ಎಲ್ಲಾ ಓದ್ತೀನಿ.

ಎಷ್ಟು ಖರ್ಚು ಬರತೈತಿ ಅನ್ನೋದನ್ನ ಆಮೇಲೆ ಮಾತಾಡೋಣ.

#ಯಜಡಿ #ರೋಡ್‌ಕಿಂಗ್ #ಅಜ್ಜನಗಾಡಿ #ಅಣ್ಣಿಗೇರಿ #ಧಾರವಾಡಜಿಲ್ಲೆ